ಉಂಗುರವೂ ಕರವಸ್ತ್ರವೂ

ಅಭಿನವ ಕಾಳಿದಾಸರೆಂದು ಪ್ರಸಿದ್ಧರಾದ ಮೈಸೂರಿನ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು, ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯೆಂಬ ಹೆಸರಿನಿಂದ ರಚಿಸಿದರು. ಈ ಎರಡರ ಮೂಲಗಳನ್ನು ಒಟ್ಟಿಗೆ ಪರಿಶೀಲಿಸಿದರೆ, ಖಳನ ಮಾತ್ಸರ್ಯವು ದುರಂತಕ್ಕೆ ಕಾರಣವಾಗುವ ಬಗೆಯು ವಿಶದವಾಗುತ್ತದೆ.

ಎರಡರಲ್ಲಿಯೂ ನಾಯಕನಿತ್ತ ಕುರುಹು ನಾಯಿಕೆಗೆ ಅರಿವಿಲ್ಲದೆ ಜಾರಿಹೋಗುತ್ತದೆ. ಶಕುಂತಲೆಯ ಉಂಗುರವು ಶಚೀತೀರ್ಥದಲ್ಲಿ ಬಿದ್ದು, ಮೀನಿನ ಹೊಟ್ಟೆಯನ್ನು ಸೇರಿ, ಬೆಸ್ತನ ಮೂಲಕ ದುಷ್ಯಂತನಿಗೆ ಸ್ಮೃತಿಯನ್ನು ಮರಳಿಸುತ್ತದೆ. ಡೆಸ್ಡೆಮೋನಳ ಕರವಸ್ತ್ರವಾದರೋ ಎಮಿಲಿಯಳಿಂದ ಇಯಾಗೊವಿನ ಕೈಸೇರುತ್ತದೆ. ಉಪಸೇನಾನಿಯ ಪದವಿಯು ತನಗೆ ತಪ್ಪಿ ಕ್ಯಾಸಿಯೊವಿಗೆ ದೊರೆತುದರಿಂದ ಕುದಿಯುತ್ತಿದ್ದ ಅವನು ಅದನ್ನು ಕ್ಯಾಸಿಯೊವಿನ ಬಿಡಾರದಲ್ಲಿ ಬಿಸುಟು ಬರುತ್ತಾನೆ.

ಕರವಸ್ತ್ರದಂತಹ ಅಲ್ಪವಸ್ತುವಿನಿಂದ ಇಷ್ಟು ಅನರ್ಥವೇ ಎಂದು ಥಾಮಸ್ ರೈಮರನು 1693ರಲ್ಲಿ ಹಳಿದನು. ಈ ಆಕ್ಷೇಪವು ನಿಲ್ಲತಕ್ಕುದಲ್ಲ. ಇಯಾಗೊ ಅದಕ್ಕೆ ಮುನ್ನವೇ ಅರ್ಧೋಕ್ತಿಗಳಿಂದ ಸಂಶಯವನ್ನು ಬಿತ್ತಿದ್ದಾನೆ. ಶೇಷವನ್ನು ಒಥೆಲೊವಿನ ಮನಸ್ಸೇ ಪೂರೈಸಿಕೊಂಡಿದೆ. ಖಳನ ಅಸೂಯೆಯು ನಾಯಕನಲ್ಲಿ ಈರ್ಷ್ಯೆಯಾಗಿ ಸಂಕ್ರಮಿಸಿದ ಮೇಲೆ ಕರವಸ್ತ್ರವು ನಿಮಿತ್ತಮಾತ್ರವಾಗಿ ಬರುತ್ತದೆ.

ಶಾಕುಂತಲದಲ್ಲಿ ಖಳನಿಲ್ಲ. ಮರೆವಿಗೆ ದುರ್ವಾಸರ ಶಾಪವು ಕಾರಣ. ಆ ಶಾಪಕ್ಕೆ ಕುರುಹಿನ ದರ್ಶನವೇ ಅವಧಿ. ಮಾತ್ಸರ್ಯಕ್ಕೆ ಅವಧಿಯೆಂಬುದಿಲ್ಲ. ಎಮಿಲಿಯ ನಿಜವನ್ನು ನುಡಿಯುವ ವೇಳೆಗೆ ಡೆಸ್ಡೆಮೋನ ಅಸುನೀಗಿದ್ದಾಳೆ. ಭರತಮುನಿಯು ವಿಪ್ರಲಂಭವನ್ನು ಸಾಪೇಕ್ಷವೆಂದೂ ಕರುಣವನ್ನು ನಿರಪೇಕ್ಷವೆಂದೂ ವಿಂಗಡಿಸಿದ್ದಾನೆ. ಅಲ್ಲಿ ಪುನಸ್ಸಮಾಗಮದ ಆಸೆಯುಂಟು. ಇಲ್ಲಿ ಅದು ಅಳಿದಿದೆ. ದಂಪತಿಗಳ ವಿರಸವು ತಿಳಿಯಾಗುವುದಕ್ಕೆ ಮೊದಲೇ ಆ ಆಸೆಯನ್ನು ಕಡಿಯುವುದರಲ್ಲಿ ಖಳನ ಕೃತ್ಯದ ಸಾರವೆಲ್ಲ ಅಡಗಿದೆ.