ಘಟ್ಟದ ನೆತ್ತಿಯ ನೀರು, ಗರ್ಭದ ಮೊದಲ ಕೋಶಗಳು

ಹೊಕ್ಕುಳಬಳ್ಳಿಯ ರಕ್ತವನ್ನು ಹಣ ತೆತ್ತು ಕಾದಿರಿಸಿದರೆ ಅದರೊಳಗಿನ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಮುಂದೆ ಮಗುವಿಗೆ ಬರಬಹುದಾದ ಸಕಲ ವ್ಯಾಧಿಗಳನ್ನೂ ನೀಗುತ್ತವೆಂಬ ಜಾಹೀರಾತನ್ನು ಕಂಡ ಕುಮಟಾದ ಓದುಗರೊಬ್ಬರು, ಭ್ರೂಣದಲ್ಲಿರುವ ಬಹುಸಮರ್ಥ ಆಕರಕೋಶಗಳೂ ಇವೂ ಒಂದೆಯೇ ಎಂದು ಕೇಳಿದ್ದಾರೆ. ಒಂದಲ್ಲ, ಅವುಗಳ ನಡುವಣ ಅಂತರವನ್ನು ಅರಿಯಬೇಕಾದರೆ ಗರ್ಭದ ಮೊದಲ ವಾರವನ್ನು ಸಾವಧಾನವಾಗಿ ನೋಡಬೇಕು.

ಫಲಿತವಾದ ಅಂಡವು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಗಾತ್ರದ್ದು. ಅದು ಎರಡಾಗಿ, ನಾಲ್ಕಾಗಿ, ಮೂರನೆಯ ದಿನಕ್ಕೆ ಸುಮಾರು ಎಂಟಾಗಿ ವಿಭಜಿಸುವವರೆಗೂ ಕೋಶಗಳು ದುಂಡಗೆ, ಒಂದೊಂದನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆ ಬಳಿಕ ಅವು ಪರಸ್ಪರ ಬಿಗಿಯಾಗಿ ಒತ್ತಿಕೊಂಡು ಚಪ್ಪಟೆಯಾಗುವಾಗ ನಡುವಿನ ಗಡಿಗೆರೆಗಳೇ ಅಳಿಸಿಹೋಗಿ, ಭ್ರೂಣವು ನುಣುಪಾದ ಒಂದೇ ಮುದ್ದೆಯಾಗಿ ತೋರುತ್ತದೆ. ಮುಂದಿನ ವಿಭಜನೆಗಳಲ್ಲಿ ಹೊರಕ್ಕೆ ಬಂದ ಕೋಶಗಳು ಮಾಸನ್ನು ಕಟ್ಟುವ ಕಾರ್ಯಕ್ಕೆ ಮೀಸಲಾಗುತ್ತವೆ. ಒಳಗುಳಿದವುಗಳಿಂದ ಶರೀರವು ರೂಪುಗೊಳ್ಳತಕ್ಕದ್ದು. ಒಳಹೊರಗಿನ ಈ ಸ್ಥಾನವೇ ಕೋಶದ ಭವಿತವ್ಯವನ್ನು ನಿರ್ಧರಿಸುತ್ತದೆಂಬ ವಿಚಾರವನ್ನು ಪೋಲೆಂಡಿನ ಟಾರ್ಕೊವ್‌ಸ್ಕಿ ಮತ್ತು ವ್ರುಬ್ಲೆವ್‌ಸ್ಕಾ 1967ರಲ್ಲಿ ಮಂಡಿಸಿದರು. ಅದಕ್ಕೂ ಮುನ್ನವೇ, 1959ರಲ್ಲಿ, ಟಾರ್ಕೊವ್‌ಸ್ಕಿಯವರು ಎರಡು ಕೋಶಗಳ ಇಲಿಭ್ರೂಣದಲ್ಲಿ ಒಂದನ್ನು ನಾಶಗೊಳಿಸಿ, ಉಳಿದೊಂದರಿಂದಲೇ ಪೂರ್ಣಾಂಗದ ಇಲಿ ಹುಟ್ಟಬಲ್ಲುದೆಂದು ತೋರಿಸಿದ್ದರು. ಐದನೆಯ ದಿನ ಭ್ರೂಣದೊಳಗೆ ದ್ರವ ತುಂಬಿ, ಒಳಕೋಶಗಳ ಚಿಕ್ಕ ಗುಂಪು ಒಂದು ಬದಿಗೆ ಸರಿಯುತ್ತದೆ. ಮುಂದೆ ಹೊರಗಿನ ಪೊರೆಯನ್ನು ಭೇದಿಸಿಕೊಂಡು ಬಂದ ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಭೇದನದ ಬಗೆಯನ್ನು ಹ್ಯಾಮ್‌ಸ್ಟರ್ ಭ್ರೂಣಗಳಲ್ಲಿ ದೀರ್ಘಕಾಲ ಪರಿಶೀಲಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಿ. ಶೇಷಗಿರಿಯವರು.

ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ 1957ರಲ್ಲಿ ಕೋಶದ ಬದುಕನ್ನು ಕಣಿವೆಗಳು ಕವಲೊಡೆಯುವ ಇಳಿಜಾರಾಗಿ ಚಿತ್ರಿಸಿದರು. ಭಟ್ಕಳದಿಂದ ಕುಮಟಾದವರೆಗಿನ ನಮ್ಮ ಕರಾವಳಿಯವರು ಆ ಚಿತ್ರವನ್ನು ಕಾಣಲು ತಲೆಯೆತ್ತಿ ಘಟ್ಟವನ್ನು ನೋಡಿದರೆ ಸಾಕು. ಸಹ್ಯಾದ್ರಿಯ ನೆತ್ತಿಗೆ ಬಿದ್ದ ಮಳೆಹನಿಗೆ ಆ ಗಳಿಗೆಯಲ್ಲಿ ಎಲ್ಲ ಹಾದಿಗಳೂ ತೆರೆದಿರುತ್ತವೆ: ಒಂದೆಡೆಗೆ ಇಳಿದರೆ ಶರಾವತಿಯೊಡನೆ ಜೋಗದಲ್ಲಿ ಧುಮುಕಿ ಹೊನ್ನಾವರದ ಅಳಿವೆಗೆ ಬರುತ್ತದೆ, ಇನ್ನೊಂದೆಡೆಗೆ ಜಾರಿದರೆ ಅಘನಾಶಿನಿಯಾಗಿ ಕುಮಟಾ ಸೀಮೆಯ ಗಜನಿ ಗದ್ದೆಗಳನ್ನು ಮುಟ್ಟುತ್ತದೆ, ಮೂಡಲಿಗೆ ಹರಿದರೆ ವರದೆಯ ಮೂಲಕ ತುಂಗಭದ್ರೆಗೆ ಸಂದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಣಿವೆಗಿಳಿದ ನೀರು ತಾನಾಗಿ ಇನ್ನೊಂದು ನದಿಯಾಗಲಾರದು. ಐದನೆಯ ದಿನದ ಒಳಕೋಶಗಳು ನೆತ್ತಿಯ ಮೇಲಿನ ಹನಿಗಳು. ಶರೀರದ ಯಾವ ಅಂಗಾಂಶವಾದರೂ ಅವುಗಳಿಗೆ ಸಾಧ್ಯ; ಬಹುಸಮರ್ಥವೆಂದರೆ ಇದೇ. ಹೊಕ್ಕುಳಬಳ್ಳಿಯ ರಕ್ತದ ಆಕರಕೋಶಗಳಾದರೋ ರಕ್ತವೆಂಬ ಕಣಿವೆಯಲ್ಲಿ ಆಗಲೇ ಬಹುದೂರ ಇಳಿದು ಬಂದವು. ಅವು ನಾನಾ ಬಗೆಯ ರಕ್ತಕಣಗಳಾಗಬಲ್ಲುವೇ ಹೊರತು ಮಿದುಳಿನ ನರವನ್ನು ಕಟ್ಟಲಾರವು.

ಹನಿಯನ್ನು ನೆತ್ತಿಯ ಮೇಲೆಯೇ ಹಿಡಿದು ನಿಲ್ಲಿಸುವ, ಅಂದರೆ ಒಳಕೋಶಗಳನ್ನು ಅವುಗಳ ಸಾಮರ್ಥ್ಯ ಕುಂದದಂತೆ ಪ್ರಯೋಗಾಲಯದಲ್ಲಿ ಬೆಳೆಸುವ ವಿದ್ಯೆ 1981ರಲ್ಲಿ ಇಲಿಭ್ರೂಣಗಳಿಂದ ಇಂಗ್ಲೆಂಡಿನ ಎವಾನ್ಸ್ ಮತ್ತು ಕಾಫ್‌ಮನ್ ಅವರಿಗೂ, ಅಮೆರಿಕದ ಗೇಲ್ ಮಾರ್ಟಿನ್ ಅವರಿಗೂ ಸಿದ್ಧಿಸಿತು. ಮಾನವಭ್ರೂಣದಿಂದ ಅದನ್ನು 1998ರಲ್ಲಿ ಸಾಧಿಸಿದವರು ಜೇಮ್ಸ್ ಥಾಮ್ಸನ್. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರೂ ಸಂಗಡಿಗರೂ, ಕೃತಕ ಗರ್ಭಧಾರಣೆಗೆ ಯೋಗ್ಯವಲ್ಲವೆಂದು ತ್ಯಜಿಸಲ್ಪಟ್ಟ ಭ್ರೂಣಗಳಿಂದಲೇ ಬಿಜೆಎನ್‌ಹೆಮ್-19 ಮತ್ತು 20 ಎಂಬ ಎರಡು ಕೋಶಸಂತತಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿದರು. ಬಿಸಾಡತಕ್ಕದ್ದೆನಿಸಿದುದರಲ್ಲಿಯೂ ಇಂಥ ಸಾಮರ್ಥ್ಯ ಉಳಿದಿರುವುದನ್ನು ಕಾಣಿಸಿದ ಈ ಕಾರ್ಯವು ಕನ್ನಡನಾಡಿಗೆ ಅಭಿಮಾನದ ಸಂಗತಿ. ಇಳಿದ ನೀರನ್ನು ಮರಳಿ ನೆತ್ತಿಗೇರಿಸಿದ ಕೀರ್ತಿ ಜಪಾನಿನ ಶಿನ್ಯಾ ಯಮನಾಕಾ ಅವರದು; 2006ರಲ್ಲಿ ಅವರು ಕೇವಲ ನಾಲ್ಕು ಜೀನುಗಳ ಬಲದಿಂದ ಇಲಿಯ ಚರ್ಮದ ಕೋಶಗಳಿಗೆ ಭ್ರೂಣಾವಸ್ಥೆಯ ಸಾಮರ್ಥ್ಯವನ್ನು ಹಿಂತಿರುಗಿಸಿ, 2012ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಗರ್ಡನ್ ಅವರೊಡನೆ ಹಂಚಿಕೊಂಡರು.

ಈ ಮಹಾಸಾಧನೆಗಳ ಕಾಂತಿಯನ್ನು ಎರವಲು ಪಡೆದು ಹೊಕ್ಕುಳಬಳ್ಳಿಯ ರಕ್ತವನ್ನು ಸರ್ವರೋಗಹಾರಿಯೆಂದು ಮಾರುವುದು ಅನ್ಯಾಯ. ಆ ರಕ್ತಕ್ಕೆ ಅದರದೇ ಆದ ನಿಜವಾದ ಬೆಲೆಯುಂಟು: 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರು, ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನನ್ನು ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತದಿಂದ ಉಳಿಸಿದರು. ಅಲ್ಲಿ ಫಲ ಕೊಟ್ಟುದು ತಂಗಿಯ ರಕ್ತ ಎಂಬುದನ್ನು ಗಮನಿಸಬೇಕು. ಆನುವಂಶಿಕ ದೋಷದೊಡನೆ ಹುಟ್ಟಿದ ಮಗುವಿನ ಸ್ವಂತ ರಕ್ತದಲ್ಲಿ ಅದೇ ದೋಷವಿರುವುದರಿಂದ ಅದು ಆ ಮಗುವಿಗೆ ಮದ್ದಾಗದು. ಸ್ವಂತ ಬಳಕೆಗೆಂದು ಹೀಗೆ ಕಾದಿರಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಹೇಳಿದೆ. ಆದುದರಿಂದ, ಮನೆಯಲ್ಲಿ ಹಿರಿಯ ಮಗುವೊಂದು ಇಂಥ ರಕ್ತರೋಗದಿಂದ ನರಳುತ್ತಿದ್ದರೆ ಹೆರಿಗೆಗೆ ಮುಂಚಿತವಾಗಿಯೇ ವೈದ್ಯರನ್ನು ವಿಚಾರಿಸಿ. ಇಲ್ಲವಾದರೆ ಆ ಹಣವನ್ನು ಬಾಣಂತಿಯ ಆರೈಕೆಗೂ ಕೂಸಿನ ಪೋಷಣೆಗೂ ವಿನಿಯೋಗಿಸುವುದು ಮೇಲು.