ದೊಡ್ಡಹುಣಸೆಯ ನೆರಳು, ಮದಗದ ನೀರು

ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಮೊದಲ ಸಲ ಬಂದವರಿಗೆ ಕಣ್ಣಿಗೆ ಬೀಳುವುದು ಮರವಲ್ಲ, ಗೋಡೆ. ಹತ್ತಿರ ಹೋದಾಗಲೇ ಅದು ಕಾಂಡವೆಂದು ತಿಳಿಯುವುದು. ಏಳೆಂಟು ಮಂದಿ ಕೈಕೈ ಹಿಡಿದರೂ ತೆಕ್ಕೆಗೆ ಸಿಗದು. ಹೆಸರು ಹುಣಸೆಯದಾದರೂ ಇದು ಹುಣಸೆಯ ಬಳಗವಲ್ಲ, ಆಫ್ರಿಕಾದ ಬಾವೊಬಾಬ್. ಕಾಯಿಯ ತಿರುಳು ಹುಳಿ. ಊರಿನವರಿಗೆ ಹೆಸರಿಡಲು ಅಷ್ಟು ಸಾಕಾಯಿತು. ಬೇಸಿಗೆಗೆಂದು ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ರಾತ್ರಿ ಬಾವಲಿಗಳಿಗೆಂದು ಬಿಳಿ ಹೂ ಅರಳಿಸುತ್ತದೆ.

ಇಲ್ಲಿಂದ ಬಹು ದೂರವೇನಿಲ್ಲ ಶಿಗ್ಗಾವಿ ತಾಲ್ಲೂಕಿನ ಬಾಡ, ಕನಕದಾಸರು ಹುಟ್ಟಿದ ಊರು. ಯಾರೂ ನೆಡದ ಗಿಡಕ್ಕೂ ಯಾರೂ ಕಾಣದ ಜೀವಕ್ಕೂ ಉಣಿಸುವವನೊಬ್ಬನಿದ್ದಾನೆ ಎಂಬ ಅವರ ನಂಬಿಕೆ ಈ ಸೀಮೆಯಲ್ಲಿ ಮೂಡಿದ್ದು ನನಗೆ ಅಚ್ಚರಿಯಲ್ಲ. ಅವರು ಓಡಾಡಿದ ಬಂಕಾಪುರದ ಕೋಟೆಯನ್ನೇ ನೋಡಿ. ಅರಸರು ಹೋದರು, ಒಳಗೆ ಹುಲ್ಲು ಬೆಳೆಯಿತು, ಖಿಲಾರಿ ದನಗಳು ಬಂದವು, ನವಿಲುಗಳೂ ಬಂದವು. 2006ರಲ್ಲಿ ಸರ್ಕಾರ ಅದನ್ನು ನವಿಲುಧಾಮವೆಂದು ಸಾರಿತು. ನವಿಲುಗಳಂತೂ ಆದೇಶಕ್ಕೆ ಕಾದಿರಲಿಲ್ಲ.

ಹಾನಗಲ್ಲಿನ ಪಾಲಿಗೆ ಮಳೆ ತುಸು ಹೆಚ್ಚು. ಅರೆಮಲೆನಾಡು, ಭತ್ತದ ಗದ್ದೆ, ಬೇಸಿಗೆಯಲ್ಲಿ ಆಪೂಸ್ ಮಾವಿನ ಘಮ. ತಾರಕೇಶ್ವರ ಗುಡಿಯೊಳಗೆ ತಲೆಯೆತ್ತಿದರೆ ಕಲ್ಲಿನ ತಾವರೆ ಬಿರಿದು ತೂಗುತ್ತದೆ. ಕೆರೆಯಲ್ಲಿ ಕಂಡ ಚೆಲುವನ್ನು ಶಿಲ್ಪಿ ಬಾಡದಂತೆ ಮೇಲಕ್ಕೇರಿಸಿದ, ಅಷ್ಟೇ. ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತದೆ. ಸವಣೂರಿನವರು ಬಾವಿಯ ನೀರು ಹಾಯಿಸಿ ಎಲೆಬಳ್ಳಿ ಬೆಳೆಸಿದರು. ಸವಣೂರಿನ ವೀಳ್ಯದೆಲೆ ಇಲ್ಲದೆ ಊಟ ಮುಗಿಯದ ಮನೆಗಳಿದ್ದವು.

ರಟ್ಟೀಹಳ್ಳಿ ತಾಲ್ಲೂಕಿನ ಮಾಸೂರಿನ ಬಳಿ ಕುಮುದ್ವತಿ ನದಿ ಗುಡ್ಡಗಳ ನಡುವಿನ ಕಂಡಿಯಲ್ಲಿ ನುಗ್ಗಿ ಬರುತ್ತಾಳೆ. ಹಿಂದಿನವರು ಆ ಕಂಡಿಗೇ ಏರಿ ಹಾಕಿ ಮದಗದ ಕೆರೆ ಕಟ್ಟಿದರು. ಗುಡ್ಡ ಕೊಟ್ಟವನು ಒಬ್ಬ, ಕಂಡಿ ಕಂಡವರು ಇನ್ನೊಬ್ಬರು. ಮುಂಗಾರು ಜೋರಾದ ವರ್ಷ ಕೋಡಿ ಬಿದ್ದ ಸುದ್ದಿ ಹಬ್ಬಿದರೆ ಸಾಕು, ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ.

ಮತ್ತೆ ಸವಣೂರಿಗೆ. 2023ರ ಜುಲೈ ಮಳೆಗೆ ಮಠದ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಸತ್ತಿತೆಂದು ಗರಗಸ ತರಬಹುದಿತ್ತು. ಕ್ರೇನ್ ತಂದರು. ಕೊಂಬೆ ಸವರಿ, ಬೇರಿಗೆ ಮಣ್ಣು ಕೊಟ್ಟು, ಮರವನ್ನು ಮತ್ತೆ ಎತ್ತಿ ನಿಲ್ಲಿಸಿದರು.