ಪಂಪ್‌ಸೆಟ್ ಸ್ಟಾರ್ಟರಿನ ಬೋರ್ಡಿಗೆ ರಕ್ಷಾಲೇಪನ

ಮಳೆಗಾಲ ಕಳೆದು ಹಿಂಗಾರಿ ಬೆಳೆಗೆ ನೀರು ಹಾಯಿಸುವ ಹೊತ್ತಿಗೆ ಮೊಬೈಲ್ ಸ್ಟಾರ್ಟರ್ ಕೈಕೊಡುವುದುಂಟು. ಮೋಟಾರು ಸರಿಯಿರುತ್ತದೆ, ಮೂರು ಫೇಸ್ ಕರೆಂಟೂ ಇರುತ್ತದೆ. ಆದರೆ ಫೋನ್ ಮಾಡಿದರೆ ಪಂಪು ಹೊರಡುವುದಿಲ್ಲ, ಹೊರಟರೂ ತಾನಾಗಿ ನಿಂತುಬಿಡುತ್ತದೆ. ಕರೆಂಟು ಇರುವ ಕೆಲವೇ ಗಂಟೆಗಳು ವ್ಯರ್ಥವಾಗಿ ಬೆಳೆ ಬಾಡುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಎಷ್ಟೋ ವೇಳೆ ಸರ್ಕ್ಯೂಟ್ ಬೋರ್ಡಿನ ಮೇಲೆ ಹಸಿರು ಕಿಲುಬು ಕಾಣುತ್ತದೆ.

ಬೋರ್ಡು ಕೆಡುವುದೇಕೆ?

ಬೋರ್ಡಿನ ಮೇಲಿನ ತಾಮ್ರದ ಗೆರೆಗಳ ನಡುವೆ ಎಷ್ಟೋ ಕಡೆ ಒಂದು ಮಿಲಿಮೀಟರ್ ಅಂತರವೂ ಇರುವುದಿಲ್ಲ. ಅಲ್ಲಿ ಧೂಳು ಕೂತು, ಅದು ತೇವ ಹೀರಿದಾಗ ಕರೆಂಟು ಅಡ್ಡದಾರಿಯಲ್ಲಿ ಹರಿದು ತಾಮ್ರವನ್ನು ತಿನ್ನುತ್ತದೆ. ಪಂಪಿನ ಮನೆಯಲ್ಲೇ ಗೊಬ್ಬರದ ಚೀಲ ಇಡುವುದು ಇನ್ನೂ ಕೆಟ್ಟದ್ದು. ರಸಗೊಬ್ಬರದ ಪುಡಿ ಗಾಳಿಯ ತೇವವನ್ನು ಎಳೆದುಕೊಂಡು ಉಪ್ಪುನೀರಿನಂತಾಗುತ್ತದೆ. ಇದನ್ನು ತಡೆಯಲು ಬೋರ್ಡಿನ ಮೇಲೆ ಕೊಡುವ ತೆಳುವಾದ ಪಾರದರ್ಶಕ ಪದರವೇ ರಕ್ಷಾಲೇಪನ.

ಯಾವ ಲೇಪನ ಒಳ್ಳೆಯದು?

ಅಕ್ರಿಲಿಕ್: ಊರಿನ ರಿಪೇರಿ ಅಂಗಡಿಯವರಿಗೆ ಇದೇ ಅನುಕೂಲ. ಬೇಗ ಒಣಗುತ್ತದೆ. ಮುಂದೆ ರಿಪೇರಿ ಬಂದರೆ ದ್ರಾವಕದಿಂದ ಕರಗಿಸಿ ತೆಗೆಯಬಹುದು.

ಸಿಲಿಕೋನ್: ಹೆಚ್ಚು ಬಿಸಿಯನ್ನು ತಾಳುತ್ತದೆ, ಮೆತ್ತಗಿರುತ್ತದೆ. ಆದರೆ ಬಾಗಿಲು, ಕಿಟಕಿಗೆ ಹಚ್ಚುವ, ಹುಳಿ ವಾಸನೆ ಬರುವ ಸಿಲಿಕೋನನ್ನು ಎಂದಿಗೂ ಬಳಸಬಾರದು. ಅದು ಗಟ್ಟಿಯಾಗುವಾಗ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಯುರೆಥೇನ್, ಎಪಾಕ್ಸಿ: ಸವೆತವನ್ನೂ ರಾಸಾಯನಿಕಗಳನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ಒಮ್ಮೆ ಗಟ್ಟಿಯಾದರೆ ತೆಗೆಯುವುದು ಕಷ್ಟ. ರಿಪೇರಿಗೆ ಬರುವ ಬೋರ್ಡಿಗೆ ಇವು ಬೇಡ.

ಮೊದಲು ಶುಚಿ, ಆಮೇಲೆ ಲೇಪನ

ಲೇಪನದ ಕೆಳಗೆ ಸಿಕ್ಕಿದ ಕೊಳೆ ಅಲ್ಲಿಯೇ ಉಳಿದು ಒಳಗಿನಿಂದಲೇ ಬೋರ್ಡನ್ನು ತಿನ್ನುತ್ತದೆ. ಆದ್ದರಿಂದ ಅರ್ಧ ಕೆಲಸ ಶುಚಿ ಮಾಡುವುದರಲ್ಲಿದೆ.

ಮೂರು ಫೇಸಿನ 415 ವೋಲ್ಟ್ ಪ್ರಾಣಾಪಾಯದ್ದು. ಮೇನ್ ಸ್ವಿಚ್ ಆರಿಸಿ, ಫ್ಯೂಸುಗಳನ್ನು ಕಿತ್ತಿಟ್ಟುಕೊಂಡ ಮೇಲೆಯೇ ಬಲ್ಲವರಿಂದ ಬೋರ್ಡು ಬಿಚ್ಚಿಸಬೇಕು. ಕೆಪಾಸಿಟರುಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆಂಬುದನ್ನು ಮರೆಯಬಾರದು. ಗ್ಯಾರಂಟಿ ಅವಧಿ ಮುಗಿಯದಿದ್ದರೆ ಮಾರಿದವರನ್ನು ಕೇಳದೆ ಕೈಹಾಕುವುದು ಬೇಡ.

ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಕಿಲುಬನ್ನೂ ಬೆಸುಗೆಯ ಜಿಡ್ಡನ್ನೂ ಉಜ್ಜಿ ತೊಳೆಯಬೇಕು. ಬಳಿಕ ಕೆಲವು ಗಂಟೆ ಬೆಚ್ಚನೆಯ, ಗಾಳಿಯಾಡುವ ಕೋಣೆಯಲ್ಲಿ ಒಣಗಿಸಬೇಕು. ತಂತಿ ಸೇರಿಸುವ ತಿರುಪುಗಳು, ಪ್ಲಗ್ಗಿನ ಪಿನ್ನುಗಳು, ಸಿಮ್ ಕೂರುವ ಜಾಗ, ಗುಂಡಿಗಳು, ಫ್ಯೂಸ್ ಹಿಡಿಕೆ, ಮುಚ್ಚಳವಿಲ್ಲದ ರಿಲೇ ಇವುಗಳಿಗೆ ಟೇಪು ಅಂಟಿಸಿ ಮರೆಮಾಡಬೇಕು. ಅಲ್ಲಿ ಲೇಪನ ಹೊಕ್ಕರೆ ಕರೆಂಟೇ ಹಾಯುವುದಿಲ್ಲ.

ಬಳಿಯುವ, ಒಣಗಿಸುವ ಕ್ರಮ

ಅಕ್ರಿಲಿಕ್ ಸ್ಪ್ರೇ ಡಬ್ಬಿಯನ್ನು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ತೆಳುವಾಗಿ ಹೊಡೆಯಬೇಕು. ಬೋರ್ಡನ್ನು ತಿರುಗಿಸಿ ನಾಲ್ಕು ದಿಕ್ಕಿನಿಂದಲೂ ಹೊಡೆದರೆ ಬಿಡಿಭಾಗಗಳ ಸಂದಿಗೂ ತಲುಪುತ್ತದೆ. ಮೊದಲ ಪದರ ಒಣಗಿದ ಮೇಲೆ ಎರಡನೆಯದು. ಎಲ್ಲ ಸೇರಿ 0.03ರಿಂದ 0.13 ಮಿಲಿಮೀಟರ್ ದಪ್ಪ ಸಾಕು. ದಪ್ಪವಾಗಿ ಬಳಿದರೆ ಮೇಲೆ ಕೆನೆ ಕಟ್ಟಿ, ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆ ಏಳುತ್ತದೆ. ಮೋಡ ಮುಸುಕಿದ ತೇವದ ದಿನ ಈ ಕೆಲಸಕ್ಕಲ್ಲ, ಪದರ ಬೆಳ್ಳಗೆ ಮಬ್ಬಾಗುತ್ತದೆ. ದ್ರಾವಕಕ್ಕೆ ಬೇಗ ಬೆಂಕಿ ಹತ್ತುವುದರಿಂದ ಬೀಡಿ, ಒಲೆ ಹತ್ತಿರವಿರಬಾರದು. ಕಿಟಕಿ, ಬಾಗಿಲು ತೆರೆದಿರಬೇಕು.

ಮುಟ್ಟಿದರೆ ಅಂಟದಿರುವುದು ಬೇರೆ, ಒಳಗೂ ಗಟ್ಟಿಯಾಗುವುದು ಬೇರೆ. ಮೇಲೆ ಒಣಗಿ ಒಳಗೆ ಹಸಿಯಿರುವ ಕಡಲೆಕಾಯಿಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಾಗಿಲ್ಲ. ಡಬ್ಬಿಯ ಮೇಲೆ ಬರೆದ ಅವಧಿ ಪೂರ್ತಿ, ಸಾಮಾನ್ಯವಾಗಿ ಒಂದು ದಿನವಾದರೂ, ಬಿಟ್ಟು ನಂತರ ಕರೆಂಟು ಕೊಡಬೇಕು. ಬಯಲಿನಲ್ಲಿ ಬಳಸುವ ಸಿಲಿಕೋನ್ ಲೇಪನಗಳಲ್ಲಿ ಹಲವು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತವೆ. ಅವನ್ನು ಮುಚ್ಚಿಡದೆ ಗಾಳಿಗೆ ಬಿಡಬೇಕು.

ಎಷ್ಟೋ ಲೇಪನಗಳು ನೋಟು ಪರೀಕ್ಷಿಸುವ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತವೆ. ಹೊಳೆಯದ ಜಾಗಕ್ಕೆ ಬ್ರಷ್ಷಿನಿಂದ ಮತ್ತೆ ಬಳಿಯಬಹುದು.

ಲೇಪನದಿಂದ ಆಗದ ಕೆಲಸ

ಲೇಪನ ತೇವವನ್ನು ತಡೆಯುತ್ತದೆಯೇ ಹೊರತು ಬೋರ್ಡು ನೀರಿನಲ್ಲಿ ಮುಳುಗಿದರೆ ಕಾಯುವುದಿಲ್ಲ. ಸಿಡಿಲಿಗೂ ವೋಲ್ಟೇಜಿನ ಏರಿಳಿತಕ್ಕೂ ಅದು ಮದ್ದಲ್ಲ. ಕಂಟ್ಯಾಕ್ಟರಿನೊಳಗೆ ಹಲ್ಲಿ, ಇರುವೆ ಹೊಕ್ಕುವುದನ್ನು ತಪ್ಪಿಸಲು ಪೆಟ್ಟಿಗೆಯ ತೂತುಗಳನ್ನು ಮುಚ್ಚಲೇಬೇಕು. ತಂತಿಗಳು ಪೆಟ್ಟಿಗೆಯ ಕೆಳಭಾಗದಿಂದ ಬರುವಂತಿದ್ದರೆ ಮಳೆನೀರು ಇಳಿಯುವುದಿಲ್ಲ.

ಹೊಸ ಸ್ಟಾರ್ಟರ್ ಕೊಳ್ಳುವಾಗ ಬೋರ್ಡಿಗೆ ಲೇಪನವಿದೆಯೇ ಎಂದು ಕೇಳಿ, ತೆರೆದು ತೋರಿಸುವಂತೆ ಹೇಳಿರಿ. ಹಳೆಯದಿದ್ದರೆ ಬೇಸಿಗೆಯ ಬಿಡುವಿನಲ್ಲಿಯೇ, ಮುಂಗಾರು ಕಾಲಿಡುವ ಮುನ್ನ, ಈ ಕೆಲಸ ಮುಗಿಸಿಕೊಳ್ಳುವುದು ಲೇಸು.